ಗಂಡ ದುಡೀತಾನೆ ಅಂದ್ರೆ ಬಸುರಿ ಕೈಯಲ್ಲಿ ದುಡ್ಡಿದೆ ಅಂತಲ್ಲ

"ಗಂಡ ದುಡೀತಾನಲ್ಲ, ನಿಂಗ್ಯಾಕೆ ಬೇಕು ಸರ್ಕಾರದ ದುಡ್ಡು?" ಬಸುರಿ ಹೆಣ್ಮಕ್ಕಳಿಗೆ ಈ ಮಾತನ್ನ ಅತ್ತೆ ಹೇಳ್ತಾರೆ, ಪಕ್ಕದ್ಮನೆಯೋರು ಹೇಳ್ತಾರೆ, ಎಷ್ಟೋ ಸಲ ಆ ಹುಡುಗೀರೇ ತಮಗೆ ತಾವೇ ಹೇಳ್ಕೊಂಡು ಸುಮ್ನಾಗ್ಬಿಡ್ತಾರೆ. ನಾನಿರೋದು ಪೀಣ್ಯ ಕಡೆ, ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳೇ ಜಾಸ್ತಿ, ಮದುವೆ ಆಗಿ ವರ್ಷ ತುಂಬೋದ್ರೊಳಗೆ ಬಸುರಿ, ಐದನೇ ತಿಂಗಳಿಗೆ ಕೆಲಸ ಬಿಡೋದು, ಅಲ್ಲಿಂದ ಮುಂದೆ ಬಸ್ಸಿಗೆ ಇಪ್ಪತ್ತು ರೂಪಾಯಿ ಬೇಕಂದ್ರೂ ಗಂಡ ಶಿಫ್ಟ್ ಮುಗಿಸ್ಕೊಂಡು ಬರೋವರ್ಗೂ ಕಾಯೋದು. ಗಂಡ ಕೆಟ್ಟೋನು ಅಂತ ಅಲ್ಲ. ಪಾಪ ಅವನ ಸಂಬಳ ಬಾಡಿಗೆ, ಊರಿಗೆ ಕಳ್ಸೋದು, ಚೀಟಿ ಅಂತ ಹತ್ತನೇ ತಾರೀಕಿಗೇ ಮುಗಿದಿರುತ್ತೆ, ಅದರಲ್ಲಿ ಇವಳಿಗೆ ಮೊಟ್ಟೆ, ಹಣ್ಣು, ಸ್ಕ್ಯಾನಿಂಗು ಅಂತ ಬೇರೆ ಎತ್ತಿಡೋಕೆ ಏನೂ ಉಳಿದಿರಲ್ಲ. ಸ್ಕ್ಯಾನಿಂಗ್ ದಿನ ಜೊತೆಗೆ ಬಂದ್ರೆ ಅವನಿಗೂ ಒಂದಿನದ ಸಂಬಳ ಕಟ್. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಪ್ರೈವೇಟ್ ಫ್ಯಾಕ್ಟರಿ ಕಾರ್ಮಿಕನಿಗೆ ಅಂಥ ಕಾನೂನಿಲ್ಲ.

ಹಂಗಾಗಿ ಗಂಡ ಕೆಲಸಕ್ಕೆ ಹೋಗ್ತಿದ್ರೂ ಹೆಂಡತಿಗೆ ಏನೇನು ಸಿಗುತ್ತೆ ಅನ್ನೋದನ್ನ ಒಂದು ಕಡೆ ಬರೆದಿಡ್ತಿದ್ದೀನಿ.

ಮೊದಲು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. 2017ರ ಜನವರಿಯಿಂದ ಇದೆ, 2022ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ಮೊದಲ ಮಗುವಿಗೆ 5,000 ರೂಪಾಯಿ, ಬಸುರಿ ಅಂತ ನೋಂದಾಯಿಸಿ ಒಂದು ಚೆಕಪ್ ಆದ್ಮೇಲೆ 3,000, ಮಗು ಹುಟ್ಟಿ ಮೊದಲ ಸುತ್ತಿನ ಲಸಿಕೆಗಳೆಲ್ಲ ಮುಗಿದ್ಮೇಲೆ 2,000. ಎರಡನೇದು ಹೆಣ್ಣುಮಗು ಆದ್ರೆ ಒಂದೇ ಸಲಕ್ಕೆ 6,000. ಇದಕ್ಕೆ ಗಂಡ ದುಡೀಬಾರ್ದು ಅಂತ ಎಲ್ಲೂ ಇಲ್ಲ. ಬಿಪಿಎಲ್ ಕಾರ್ಡು, ಇ-ಶ್ರಮ್ ಕಾರ್ಡು, ನರೇಗಾ ಜಾಬ್ ಕಾರ್ಡು, ಆಯುಷ್ಮಾನ್ ಕಾರ್ಡು ಹೀಗೆ ಯಾವುದಾದ್ರೂ ಒಂದಿದ್ರೆ ಸಾಕು, ಅದ್ಯಾವುದೂ ಇಲ್ಲ ಅಂದ್ರೂ ಮನೆಯ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಮ್ಮಿ ಇದ್ರೆ ಆದಾಯ ಪ್ರಮಾಣಪತ್ರದ ಮೇಲೆ ಅರ್ಜಿ ಹಾಕ್ಬಹುದು. 8 ಲಕ್ಷ ಅಂದ್ರೆ ತಿಂಗಳಿಗೆ ಅರವತ್ತಾರು ಸಾವಿರದ ಮೇಲೆ, ನಮ್ಮ ಬೀದಿಯಲ್ಲಿ ಅಷ್ಟು ಸಂಬಳ ತರೋ ಗಂಡ ಯಾರಿದ್ದಾನೆ ಹೇಳಿ? ಸರ್ಕಾರಿ ನೌಕರಿಯಲ್ಲಿ ಇರೋರಿಗೆ, ಬೇರೆ ಕಾನೂನಿನಲ್ಲಿ ಹೆರಿಗೆ ಸಂಬಳ ಪಡೆಯೋರಿಗೆ ಮಾತ್ರ ಇದು ಸಿಗಲ್ಲ. ಗಂಡನ ಆಧಾರ್ ಕಡ್ಡಾಯ ಅನ್ನೋದನ್ನೂ ತೆಗೆದಿದ್ದಾರೆ, ಗಂಡ ಬಿಟ್ಟುಹೋದೋರಿಗೆ, ಒಂಟಿಯಾಗಿ ಹೆರೋರಿಗೆ ಅದು ದೊಡ್ಡ ವಿಷಯ.

ಅರ್ಜಿ ಅಂಗನವಾಡಿಯಲ್ಲೇ ಹಾಕೋದು. ಕಷ್ಟ ಇರೋದು ಅರ್ಹತೇಲಿ ಅಲ್ಲ, ಹೆಸರಲ್ಲಿ. ನಮ್ಮ ಮೇಲಿನ ಮನೆ ಹುಡುಗಿ ಜೊತೆ ಹೋಗಿದ್ದೆ, ಅವಳ ಆಧಾರಲ್ಲಿ ಅಪ್ಪನ ಹೆಸರಿನ ಇನಿಶಿಯಲ್, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಗಂಡನ ಹೆಸರು, ತಾಯಿ ಕಾರ್ಡಲ್ಲಿ ಆಸ್ಪತ್ರೆಯವರು ಕೇಳಿಸ್ಕೊಂಡಂಗೆ ಬರೆದ ಮೂರನೇ ಹೆಸರು. ಅಂಗನವಾಡಿ ಟೀಚರ್ ಮೂರನ್ನೂ ಚಾಪೆ ಮೇಲೆ ಸಾಲಾಗಿ ಇಟ್ಕೊಂಡು ಫೋನಲ್ಲಿ ಎಂಟ್ರಿ ಮಾಡ್ತಾ ಮಾಡ್ತಾ ಕೇಳಿದ್ರು, ಆಧಾರ್ ಯಾವ ಅಕೌಂಟಿಗೆ ಲಿಂಕ್ ಆಗಿದೆ ಅಂತ. ನೋಡಿದ್ರೆ ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಊರಲ್ಲಿ ತೆಗೆಸಿದ್ದ ಅಕೌಂಟು! ಪಾಸ್‌ಬುಕ್ ಅಮ್ಮನ ಮನೆ ಟ್ರಂಕಲ್ಲಿ. ದುಡ್ಡು ಬರೋದು ಫಾರ್ಮಲ್ಲಿ ನಾವು ಬರೆದ ಅಕೌಂಟಿಗೆ ಅಂತ ತುಂಬ ಜನ ಅಂದ್ಕೊಂಡಿರ್ತಾರೆ, ಆದ್ರೆ ಅದು ಹೋಗೋದು ಆಧಾರ್ ಜೋಡಣೆ ಆಗಿರೋ ಅಕೌಂಟಿಗೆ, ಅದಕ್ಕೇ ಎಷ್ಟೋ ಜನ "ನಂಗೆ ಬಂದೇ ಇಲ್ಲ" ಅಂತಿರ್ತಾರೆ, ದುಡ್ಡು ಎಲ್ಲೋ ಮರೆತುಹೋದ ಅಕೌಂಟಲ್ಲಿ ಕೂತಿರುತ್ತೆ. ಮೂರನೇ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಇದನ್ನ ಸರಿ ಮಾಡಿಸ್ಕೊಂಡ್ರೆ ಒಳ್ಳೇದು, ಎಂಟನೇ ತಿಂಗಳಲ್ಲಿ ಕ್ಯೂ ನಿಲ್ಲೋಕಾಗಲ್ಲ.

ಇನ್ನು ಕೆಲಸದಲ್ಲಿ ಇರೋ ಹೆಣ್ಮಕ್ಕಳಿಗೆ ಕೈಮುಗಿದು ಹೇಳ್ತೀನಿ, ಬಸುರಿ ಆದ ತಕ್ಷಣ ರಾಜೀನಾಮೆ ಬರೆದುಕೊಡ್ಬೇಡಿ. "ಹೆಂಗೂ ಗಂಡ ದುಡೀತಾನೆ, ಮನೇಲಿರು" ಅಂತ ಹೇಳೋರಿಗೆ ನೀವು ಏನು ಕಳ್ಕೊಳ್ತಿದ್ದೀರ ಅನ್ನೋದು ಗೊತ್ತಿರಲ್ಲ. ಸಂಬಳದಲ್ಲಿ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ ದುಡ್ಡು, ಕಟ್ ಆಗ್ತಿದ್ರೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಇದ್ರೆ, 26 ವಾರ ಪೂರ್ತಿ ಸಂಬಳ ಇಎಸ್‌ಐನಿಂದಲೇ ನಿಮ್ಮ ಅಕೌಂಟಿಗೆ ಬರುತ್ತೆ. ಇಎಸ್‌ಐ ಮಿತಿ ತಿಂಗಳಿಗೆ 21,000, ಅದಕ್ಕಿಂತ ಜಾಸ್ತಿ ಸಂಬಳ ಇರೋರಿಗೆ ಹೆರಿಗೆ ಸೌಲಭ್ಯ ಕಾನೂನಿನ ಹಕ್ಕು ಇದೆ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ಮಾಲೀಕರೇ 26 ವಾರದ ಸಂಬಳ ಕೊಡ್ಬೇಕು. ಮೊದಲ ಎರಡು ಮಕ್ಕಳಿಗೆ ಇದು, ಆಮೇಲೆ 12 ವಾರ. ಇಲ್ಲೂ ಗಂಡನ ಸಂಬಳ ಯಾರೂ ಕೇಳಲ್ಲ. ಆರು ತಿಂಗಳ ಪೂರ್ತಿ ಸಂಬಳದ ಮುಂದೆ ಐದು ಸಾವಿರ ಎಷ್ಟು ಅನ್ನೋದನ್ನ ನೀವೇ ಲೆಕ್ಕ ಹಾಕಿ. ನಮ್ಮ ಮೇಲಿನ ಮನೆ ಹುಡುಗಿ ಗಾರ್ಮೆಂಟ್ಸ್‌ನ ಚೆಕಿಂಗ್ ಸೆಕ್ಷನ್ನಲ್ಲಿ ದಿನಪೂರ್ತಿ ನಿಂತು ಕಾಲು ಊದ್ಕೊಂಡು ಐದನೇ ತಿಂಗಳಿಗೆ ಬಿಟ್ಬಿಟ್ಲು, ಸೂಪರ್‌ವೈಸರ್ ಒಂದು ಹಾಳೆ ಕೊಟ್ಟು ಸೈನ್ ಹಾಕು ಅಂದ್ರಂತೆ, ಹಾಕಿದ್ಲು. ಕೂತು ಮಾಡೋ ಕೆಲಸ ಕೊಡಿ ಅಂತ ಕೇಳ್ಬಹುದಿತ್ತು ಅನ್ನೋದನ್ನ ಅವಳಿಗೆ ಯಾರೂ ಹೇಳಿರ್ಲಿಲ್ಲ, ನನಗೆ ಆ ವಿಷಯದಲ್ಲಿ ಇನ್ನೂ ಸಿಟ್ಟಿದೆ. ಈಗಾಗ್ಲೇ ಬಿಟ್ಟಿದ್ರೂ ವಂತಿಗೆ ದಿನಗಳು ಲೆಕ್ಕಕ್ಕೆ ಬರುತ್ತಾ ಅಂತ ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಒಂದ್ಸಲ ಕೇಳಿ.

ಗಂಡನಿಗೆ ಇಎಸ್‌ಐ ಇದ್ರೆ ಹೆಂಡತಿಗೆ ಚೆಕಪ್, ಹೆರಿಗೆ, ಸಿಸೇರಿಯನ್ ಎಲ್ಲ ಇಎಸ್‌ಐ ಆಸ್ಪತ್ರೆಯಲ್ಲಿ ಫ್ರೀ, ಅವಳ ಹೆಸರು ಕುಟುಂಬದ ಪಟ್ಟಿಯಲ್ಲಿ ಸೇರ್ಸಿರ್ಬೇಕು ಅಷ್ಟೇ. ಮದುವೆ ಆದ್ಮೇಲೆ ಇದನ್ನ ಸೇರ್ಸೋಕೆ ಮರೆಯೋ ಗಂಡಂದಿರೇ ಜಾಸ್ತಿ. ಇಎಸ್‌ಐ ಇಲ್ದಿದ್ರೂ ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಔಷಧಿ, ರಕ್ತ, ಊಟ, ಮನೆಗೆ ಬಿಡೋ ಗಾಡಿ ಎಲ್ಲ ಉಚಿತ, ಇದಕ್ಕೆ ಬಿಪಿಎಲ್ ಎಪಿಎಲ್ ಭೇದ ಇಲ್ಲ. ಪ್ರತಿ ತಿಂಗಳು 9ನೇ ತಾರೀಕು ಬಸುರೀರಿಗೆ ಅಂತಲೇ ಉಚಿತ ತಪಾಸಣೆ ಇರುತ್ತೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಮಧ್ಯಾಹ್ನದ ಊಟ ಇದೆ, 2017ರಿಂದ ನಡೀತಿದೆ, ಮರ್ಯಾದೆ ಪ್ರಶ್ನೆ ಅಂತ ಬಿಡ್ಬೇಡಿ.

ಈಗ ನನ್ನ ತಕರಾರಿಗೆ ಬರ್ತೀನಿ. ಗೃಹಲಕ್ಷ್ಮಿ 2,000 ಹೆಣ್ಮಕ್ಕಳ ಕೈಗೆ ನೇರವಾಗಿ ದುಡ್ಡು ಬರೋ ಯೋಜನೆ, ತುಂಬ ಒಳ್ಳೇದು, ಆದ್ರೆ ಅದು ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋ ಒಬ್ಬರಿಗೆ, ಅಂದ್ರೆ ಕೂಡು ಮನೆಯಲ್ಲಿ ಅತ್ತೆಗೆ. ಹೊಸದಾಗಿ ಬಂದ ಸೊಸೆ ಬಸುರಿಯಾಗಿ ಸಂಬಳ ಕಳ್ಕೊಂಡಿರೋ ಟೈಮಲ್ಲಿ ಅದರಲ್ಲಿ ಅವಳ ಹೆಸರಿಗೆ ಏನೂ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲೂ ಹಂಗೇ, ಹೆರಿಗೆಗೆ ಅಂತ ತಾಯಿ ಲಕ್ಷ್ಮಿ ಬಾಂಡ್ ಇದೆ, ಆದ್ರೆ ಹೆಂಡತಿ ಸ್ವತಃ ನೋಂದಾಯಿತ ಕಾರ್ಮಿಕಳಾಗಿರ್ಬೇಕು. ಗಾರೆ ಕೆಲಸದಲ್ಲಿ ಗಂಡನ ಜೊತೆ ಕಲ್ಲು ಮಣ್ಣು ಹೊರೋ ಎಷ್ಟೋ ಹೆಂಗಸರ ಹೆಸರಲ್ಲಿ ಕಾರ್ಡೇ ಇಲ್ಲ, ಗಂಡನ ಕಾರ್ಡೊಂದಿದ್ರೆ ಸಾಕು ಅಂತ ಇದ್ದುಬಿಟ್ಟಿರ್ತಾರೆ. ಮದುವೆ ಆದ ವರ್ಷವೇ ಇಬ್ಬರೂ ಬೇರೆ ಬೇರೆ ಕಾರ್ಡ್ ಮಾಡಿಸ್ಕೊಳ್ಳಿ.

ಇಂಗ್ಲೆಂಡಲ್ಲಿರೋ ನನ್ನ ಫ್ರೆಂಡ್ ಒಬ್ಬಳು ಹೇಳಿದ್ದು ಕೇಳಿ ಆಶ್ಚರ್ಯ ಆಯ್ತು, ಅಲ್ಲಿ ಮೆಟರ್ನಿಟಿ ಅಲೊವೆನ್ಸ್ (ಹೆರಿಗೆ ಭತ್ಯೆ) ಅಂತ ಇದೆ, ಹೆರಿಗೆಗೆ ಮುಂಚಿನ 66 ವಾರದಲ್ಲಿ 26 ವಾರ ಅವಳು ಕೆಲಸ ಮಾಡಿದ್ರೆ 39 ವಾರದವರೆಗೆ ಕೊಡ್ತಾರೆ, ಗಂಡನ ಸಂಬಳ ಎಷ್ಟೇ ಇರ್ಲಿ. ಅಷ್ಟೇ ಅಲ್ಲ, ಗಂಡನ ಸ್ವಂತ ಅಂಗಡಿಯಲ್ಲಿ ಸಂಬಳ ಇಲ್ದೆ ದುಡಿದ ಹೆಂಡತಿಗೂ ವಾರಕ್ಕೆ 27 ಪೌಂಡಿನಂತೆ 14 ವಾರ ಕೊಡ್ತಾರಂತೆ. ಸಣ್ಣ ಮೊತ್ತವೇ, ಆದ್ರೂ ಅವಳು ದುಡಿದಿದ್ದಾಳೆ ಅಂತ ಒಪ್ಕೊಂಡಂಗಾಯ್ತಲ್ಲ. ನಮ್ಮಲ್ಲಿ ಕಿರಾಣಿ ಅಂಗಡಿ, ಟೀ ಅಂಗಡಿ, ಹೂವಿನ ಗಾಡಿ ಹಿಂದೆ ಇಂಥ ಹೆಂಡತಿಯರು ಎಷ್ಟು ಲಕ್ಷ ಇದ್ದಾರೋ. ಪಕ್ಕದ ತಮಿಳುನಾಡಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಕಿಟ್ಟೂ ಸೇರಿ 18,000 ಕೊಡ್ತಾರೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಬಸುರಿಗೆ 6,000ಕ್ಕೆ ಕಮ್ಮಿ ಇಲ್ದಂಗೆ ಕೊಡ್ಬೇಕು ಅಂತಿದೆ, ಮೊದಲ ಮಗುವಿಗೆ ಕೊಡ್ತಿರೋದು 5,000, ಬಾಕಿದು ಆಸ್ಪತ್ರೆ ಹೆರಿಗೆಗೆ ದುಡ್ಡು ಕೊಡೋ ಜನನಿ ಸುರಕ್ಷಾ ಯೋಜನೆಯಿಂದ ಸರಿಹೋಗುತ್ತೆ ಅನ್ನೋದು ಸರ್ಕಾರದ ಲೆಕ್ಕ. ಅಲ್ಲಿಂದ ಇಲ್ಲಿವರೆಗೆ ಬೇಳೆ, ಮೊಟ್ಟೆ, ಗ್ಯಾಸ್ ಎಲ್ಲದರ ರೇಟು ಏರಿದೆ, ಇದೊಂದು ಏರಿಲ್ಲ. ಏರಿಸಿ ಅಂತ ನಾವು ಕೇಳ್ಬೇಕು, ವೋಟು ಕೇಳ್ಕೊಂಡು ಬಂದೋರನ್ನ ಬಾಗಿಲಲ್ಲೇ ನಿಲ್ಸಿ ಕೇಳ್ಬೇಕು.

ಮಾತೃವಂದನಾ ಅರ್ಜಿನ ಮಗು ಹುಟ್ಟಿ 270 ದಿನದೊಳಗೂ ಹಾಕ್ಬಹುದು, ಹಂಗಾಗಿ ಹೆರಿಗೆ ಆಯ್ತು ಇನ್ನೇನು ಅಂತ ಬಿಟ್ಟಿರೋರು ಇದ್ರೆ ಅವರಿಗೂ ಹೇಳಿ. ತಾಯಿ ಕಾರ್ಡು, ಆಧಾರ್, ಪಾಸ್‌ಬುಕ್ಕು, ರೇಷನ್ ಕಾರ್ಡು, ಮಗುವಿನ ಜನನ ಪ್ರಮಾಣಪತ್ರ ತಗೊಂಡು ಈ ವಾರನೇ ಅಂಗನವಾಡಿಗೆ ಹೋಗ್ಲಿ.