ನಿಶ್ಚಿತಾರ್ಥಕ್ಕೆ ಯಾವ ಉಂಗುರ ಎಂದು ಕೇಳುವವರಿಗೆ

ಮೈಸೂರಿನ ಅಶೋಕ ರಸ್ತೆಯ ಒಂದು ಆಭರಣದ ಅಂಗಡಿಯಲ್ಲಿ, ದುರಸ್ತಿಗೆ ಬಂದ ಒಡವೆಗಳನ್ನು ತೂಗಿ, ಚೀಟಿ ಬರೆದು, ಒಳಗೆ ಕೂತ ಆಚಾರ್ರಿಗೆ ಒಪ್ಪಿಸುವ ಕೆಲಸ ನನ್ನದು. ಈ ಒಂದು ಕಾರಣಕ್ಕೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗಲೂ ಮಂಡ್ಯದ ಬಸ್ಸಿನಲ್ಲಿ ಸೀಟು ಹಿಡಿದಾಗಲೂ ಪಕ್ಕದವರು ಫೋನು ತೆರೆದು ಚಿತ್ರ ತೋರಿಸಿ ಕೇಳುತ್ತಾರೆ: "ನಿಶ್ಚಿತಾರ್ಥಕ್ಕೆ ಉಂಗುರ ತಗೋಬೇಕು, ಈಗ ಯಾವ ಡಿಸೈನ್ ಓಡ್ತಿದೆ?" ಇನ್ನೂ ಸ್ವಲ್ಪ ಯೋಚಿಸಿದವರು, "ಸಿಂಪಲ್ಲಾಗಿರಬೇಕು, ಆದರೆ ಎದ್ದು ಕಾಣಬೇಕು" ಎನ್ನುತ್ತಾರೆ. ಇಬ್ಬರಿಗೂ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಈಗ ಯಾವುದು ಓಡುತ್ತಿದೆ ಎಂದು ನನ್ನನ್ನು ಕೇಳಬೇಡಿ. ಯಾವುದೇ ಅಂಗಡಿಯ ಗಾಜಿನ ಮುಂದೆ ಐದು ನಿಮಿಷ ನಿಂತರೆ ಅದು ತಿಳಿಯುತ್ತದೆ. ಮಾರಾಟದವರು ನೋಡುವುದು ಹೊಸ ಉಂಗುರಗಳನ್ನು. ನನ್ನ ಮೇಜಿಗೆ ಬರುವುದು ಎರಡು ಮೂರು ವರ್ಷ ತೊಟ್ಟ ಮೇಲಿನವು. ಹರಳು ಬಿದ್ದುಹೋದವು, ಹರಳನ್ನು ಹಿಡಿದಿಡುವ ಕಡ್ಡಿ ಬಾಗಿದವು, ಬೆರಳಿನಿಂದ ಬಿಚ್ಚಲಾಗದೆ ಕತ್ತರಿಸಿ ತೆಗೆದವು. ಅವುಗಳನ್ನು ನೋಡಿದ ನನಗೆ, ಉಂಗುರದ ವಿನ್ಯಾಸವನ್ನು ತೊಡುವ ಕೈಯ ಕೆಲಸದ ಮೇಲೆ ನಿರ್ಧರಿಸಬೇಕು ಎಂಬುದರಲ್ಲಿ ಯಾವ ಅನುಮಾನವೂ ಉಳಿದಿಲ್ಲ.

ಎಲ್ಲರ ಫೋನಿನಲ್ಲೂ ಇರುವ ಚಿತ್ರವನ್ನೇ ತೆಗೆದುಕೊಳ್ಳಿ. ಉಂಗುರದ ತೆಳುವಾದ ಸುತ್ತಿನ ಮೇಲೆ ಒಂದೇ ವಜ್ರವನ್ನು ಎತ್ತರಕ್ಕೆ ಎತ್ತಿ ಕೂರಿಸಿದ ಸಾಲಿಟೇರ್ ಅದು. ಅಮೆರಿಕದ ಟಿಫನಿ ಕಂಪನಿ ಆರು ಕಡ್ಡಿಗಳ ಈ ವಿನ್ಯಾಸವನ್ನು ಮಾರುಕಟ್ಟೆಗೆ ತಂದದ್ದು 1886ರಲ್ಲಿ. ಹರಳಿಗೆ ಎಲ್ಲ ಕಡೆಯಿಂದ ಬೆಳಕು ಸಿಗಲಿ ಎಂಬುದೇ ಆ ಎತ್ತರದ ಉದ್ದೇಶ, ಮತ್ತು ಆ ಉದ್ದೇಶ ಚೆನ್ನಾಗಿಯೇ ನೆರವೇರುತ್ತದೆ. ಆದರೆ ಪ್ರಾಂಗ್ ಎಂದು ಕರೆಯುವ ಆ ಕಡ್ಡಿಗಳು ಸೀರೆಯ ಸೆರಗಿಗೆ, ಸ್ವೆಟರಿಗೆ, ತಲೆಗೂದಲಿಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡಾಗಲೆಲ್ಲ ಕೂದಲೆಳೆಯಷ್ಟು ಮೇಲೇಳುತ್ತವೆ. ಮೇಲೆದ್ದದ್ದು ಮತ್ತೂ ಬೇಗ ಸಿಕ್ಕಿಕೊಳ್ಳುತ್ತದೆ. ನಾಲ್ಕು ಕಡ್ಡಿಯ ಉಂಗುರದಲ್ಲಿ ಒಂದು ಕಡ್ಡಿ ಹೋದರೆ ಹರಳು ಹೋದಂತೆಯೇ. ಆರಿದ್ದರೆ ಉಳಿಯುವ ಸಾಧ್ಯತೆ ಹೆಚ್ಚು. ಮುದ್ದೆ ಕಟ್ಟುವ, ಹಿಟ್ಟು ಕಲಸುವ, ಹಾಲು ಕರೆಯುವ ಕೈಗೆ ಕ್ಲೋಸ್ ಸೆಟ್ಟಿಂಗೇ ಸರಿ. ಅದರಲ್ಲಿ ಚಿನ್ನದ ಅಂಚು ಹರಳನ್ನು ಸುತ್ತಲೂ ಅಪ್ಪಿ ಹಿಡಿದಿರುತ್ತದೆ. ಮಿನುಗು ತುಸು ಕಡಿಮೆಯಾದರೂ ಹರಳು ಉಳಿಯುತ್ತದೆ. ಸಾಸಿವೆಯಂಥ ಸಣ್ಣ ವಜ್ರಗಳನ್ನು ಸಾಲಾಗಿ ಕೂರಿಸಿದ ಪಾವೆ ಉಂಗುರಗಳನ್ನು ದಿನವೂ ತೊಡಲು ನಾನು ಯಾರಿಗೂ ಹೇಳುವುದಿಲ್ಲ. ಬೆರಳಿನ ಸುತ್ತಲೂ ಹರಳಿರುವ ಉಂಗುರವನ್ನು ಮುಂದೆ ಬೆರಳು ದಪ್ಪಗಾದಾಗ ಹಿಗ್ಗಿಸುವುದೂ ಹೆಚ್ಚುಕಡಿಮೆ ಆಗದ ಮಾತು.

ಹರಳಿನ ಜಾತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮನೆಗಳ ಧೂಳಿನಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ, ಅದರ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7. ವಜ್ರ 10, ಮಾಣಿಕ್ಯವೆನ್ನುವ ಕೆಂಪು ಮತ್ತು ನೀಲ 9. ಹಾಗಾಗಿ ಆ ಧೂಳು ಗೀರಲಾಗದ ಈ ಮೂರೂ ದಿನದ ಬಳಕೆಗೆ ನಿಲ್ಲುತ್ತವೆ. ಪಚ್ಚೆಯ ಒಳಗೆ ಸಹಜವಾಗಿಯೇ ಬಿರುಕುಗಳಿರುತ್ತವೆ, ಅವು ಕಾಣದಂತೆ ಬಹುತೇಕ ಪಚ್ಚೆಗಳಿಗೆ ಎಣ್ಣೆ ಉಣಿಸಿರುತ್ತಾರೆ. ಬಿಸಿನೀರು, ಸೋಪು, ಪಾತ್ರೆಯ ಪೆಟ್ಟು ಅದಕ್ಕೆ ಆಗದು. ಮುತ್ತು, ಹವಳ ಇನ್ನೂ ಮೃದು, ಹುಣಸೆಹುಳಿ ನಿಂಬೆಹುಳಿ ತಾಗಿದರೆ ಹೊಳಪು ಸತ್ತುಹೋಗುತ್ತದೆ. ಅಜ್ಜಿಯ ಕಾಲದ ಕೆಂಪಿನ ಉಂಗುರವನ್ನೇ ನಿಶ್ಚಿತಾರ್ಥಕ್ಕೆ ಹಾಕುವವರಿದ್ದಾರೆ, ನನಗೆ ತುಂಬ ಇಷ್ಟವಾದ ಪದ್ಧತಿ ಅದು. ಆದರೆ ಅಂಥ ಹಳೆಯ ಒಡವೆಗಳಲ್ಲಿ ಹರಳಿನ ಕೆಳಗೆ ಹೊಳೆಯುವ ತಗಡಿಟ್ಟು ಮುಚ್ಚಿರುವುದುಂಟು. ಒಳಗೆ ನೀರಿಳಿದರೆ ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. ಅವನ್ನು ಹಬ್ಬಕ್ಕೆ ತೊಟ್ಟು ಎತ್ತಿಡಬೇಕು.

ಹಿಂದಿನ ವರ್ಷ ಮಂಡ್ಯದ ಕಡೆಯ ಒಂದು ಕುಟುಂಬ ನಮ್ಮ ಅಂಗಡಿಗೆ ಬಂದಿತ್ತು. ಹುಡುಗ, ಅವನ ತಾಯಿ, ಸೋದರತ್ತೆ, ಸೋದರಮಾವ ಎಲ್ಲರೂ ಇದ್ದರು. ಉಂಗುರ ತೊಡಬೇಕಾದ ಹುಡುಗಿ ಇರಲಿಲ್ಲ. ಅತ್ತೆಯವರು ಎತ್ತರದ ಸಾಲಿಟೇರನ್ನು ತಮ್ಮ ಬೆರಳಿಗೇ ಹಾಕಿ, ಕೈ ಚಾಚಿ ನೋಡಿ, "ಇದೇ ಇರ್ಲಿ" ಎಂದರು. ಮಾವನವರಿಗೆ ಅದು 18 ಕ್ಯಾರೆಟ್ ಎಂಬುದೇ ಕೊರಗಾಗಿ, 22 ಕ್ಯಾರೆಟಿನಲ್ಲಿ ಮಾಡಿಸಿಕೊಡಿ ಎಂದು ಹಟ ಹಿಡಿದರು. ಉಂಗುರದ ಅಳತೆ ಹಿಗ್ಗಿಸುವ ವಿಷಯಕ್ಕೆ ನನ್ನ ಮೇಜಿಗೆ ಬಂದಾಗ ನಾನು, "ಹುಡುಗಿ ಏನು ಕೆಲಸ ಮಾಡುತ್ತಾಳೆ?" ಎಂದು ಕೇಳಿದೆ. ರವಿಕೆ ಹೊಲಿಯುತ್ತಾಳೆ, ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ ಎಂದರು. ಹಾಗಾದರೆ ಅವಳನ್ನು ಒಂದು ಮಾತು ಕೇಳಬಾರದೇ ಎಂದದ್ದಕ್ಕೆ ಅತ್ತೆಯವರು, "ಅವಳನ್ನೇನ್ ಕೇಳದು, ನಾವ್ ಹಾಕಿದ್ನ ಹಾಕ್ಕೋತಾಳೆ ಕಣವ್ವ" ಎಂದುಬಿಟ್ಟರು.

ಆ ಮಾತಿಗೆ ನನ್ನ ತಾಳ್ಮೆ ಹೋಯಿತು. ಬೇರೆಯವರ ಮೈಸೂರು ರೇಷ್ಮೆ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಎಳೆ ಎಳೆ ಬಿಡಿಸಿ ಗಂಟು ಹಾಕುವ ಹುಡುಗಿಯ ಬೆರಳಿಗೆ ಆರು ಮೊನೆಗಳಿರುವ ಉಂಗುರ ಹಾಕಿದರೆ, ಅವಳು ಮೊದಲ ವಾರದಲ್ಲಿ ಯಾರದೋ ಸೀರೆಯ ಎಳೆ ಕೀಳುತ್ತಾಳೆ, ಎರಡನೇ ವಾರದಲ್ಲಿ ಉಂಗುರವನ್ನು ಬೀರುವಿಗೆ ಹಾಕಿ ಬೀಗ ಹಾಕುತ್ತಾಳೆ, ಮೂರನೇ ವಾರದಲ್ಲಿ ನೀವೇ "ನಾವು ಕೊಟ್ಟದ್ದನ್ನು ತೊಡುವುದಿಲ್ಲ" ಎಂದು ಬೇಸರಪಡುತ್ತೀರಿ ಎಂದು ಅಷ್ಟೂ ಜನರ ಎದುರಿಗೆ ಹೇಳಿದೆ. ಅತ್ತೆಯವರ ಮುಖ ಕೆಂಪಾಯಿತು. ಹುಡುಗ ಮಾತ್ರ ಹೊರಗೆ ಹೋಗಿ ಅವಳಿಗೆ ಫೋನು ಮಾಡಿ, ನನ್ನ ಕೈಗೂ ಕೊಟ್ಟ. "ಅಕ್ಕ, ಮಟ್ಟಸವಾಗಿರೋದು ಸಾಕು, ಕೆಂಪು ಹರಳು ನಂಗಿಷ್ಟ. ನಾನೇ ಹೇಳೋದು ಹೇಗೆ ಅಂತ ಸುಮ್ಮನಿದ್ದೆ" ಎಂದಳು. ಕೊನೆಗೆ ಮಾಡಿಸಿದ್ದು ಚಿಕ್ಕ ಕೆಂಪನ್ನು ತಗ್ಗಿನಲ್ಲಿ ಕೂರಿಸಿದ ಕ್ಲೋಸ್ ಸೆಟ್ಟಿಂಗ್ ಉಂಗುರ. ಕಡ್ಡಿಗಳೇ ಇಲ್ಲದ ಕಾರಣ ಅದನ್ನು ಮಾವನವರ ಆಸೆಯಂತೆ 22 ಕ್ಯಾರೆಟಿನಲ್ಲೇ ಮಾಡಬಹುದಾಯಿತು.

ಆ ಹಟಕ್ಕೂ ಉತ್ತರ ಕೊಡಬೇಕು, ಏಕೆಂದರೆ ಹಿರಿಯರೆಲ್ಲ ಅದನ್ನೇ ಹಿಡಿಯುತ್ತಾರೆ. 22 ಕ್ಯಾರೆಟಿನಲ್ಲಿ ಚಿನ್ನ ನೂರಕ್ಕೆ 91.6 ಪಾಲು, 18ರಲ್ಲಿ 75 ಪಾಲು. ಉಳಿದದ್ದು ತಾಮ್ರ, ಬೆಳ್ಳಿ ಮುಂತಾದ ಲೋಹಗಳು, ಗಟ್ಟಿತನ ಬರುವುದು ಅವುಗಳಿಂದಲೇ. 22 ಕ್ಯಾರೆಟಿನ ತೆಳು ಕಡ್ಡಿ ಸುಲಭವಾಗಿ ಬಾಗುತ್ತದೆಂದೇ ವಜ್ರಕ್ಕೆ 18 ಬಳಸುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ. ಮೋಸವಾಗಬಹುದಾದ ಜಾಗ ಬಿಲ್ಲು. ಹರಳು ಸೇರಿದ ತೂಕ, ಹರಳು ಕಳೆದ ಚಿನ್ನದ ತೂಕ, ಮೇಕಿಂಗ್ ಚಾರ್ಜ್, ಶೇ 3ರ ಜಿಎಸ್‌ಟಿ ಎಲ್ಲವೂ ಬೇರೆ ಬೇರೆ ಬರೆದಿರಬೇಕು. ವಜ್ರಕ್ಕೆ ಕ್ಯಾರೆಟ್ ಎಂಬುದು ತೂಕದ ಅಳತೆ, ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದನ್ನು ಚಿನ್ನದ ತೂಕಕ್ಕೆ ಸೇರಿಸಿ ಲೆಕ್ಕ ಹಾಕಿದರೆ ಒಪ್ಪಬೇಡಿ. 2023ರ ಏಪ್ರಿಲ್ 1ರಿಂದ, ಶುದ್ಧತೆಯ ಮುದ್ರೆಯಿರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಂಕಿ-ಅಕ್ಷರಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇರಲೇಬೇಕು, ಸರ್ಕಾರದ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೀವೇ ನೋಡಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲದ್ದರಿಂದ ತೀರ ಹಗುರ ಉಂಗುರ ಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು.

ವಜ್ರವೇ ಇಲ್ಲದಿದ್ದರೆ ನಾಲ್ಕು ಜನ ಏನಂದಾರು ಎನ್ನುವವರಿಗೆ ನಾನು ಹೇಳುವುದಿಷ್ಟೇ: ವಜ್ರಕ್ಕೂ ಮದುವೆಗೂ ಗಂಟು ಹಾಕುವುದರಲ್ಲಿ, 1947ರಲ್ಲಿ ಡಿ ಬೀರ್ಸ್ ಎಂಬ ವಜ್ರದ ಕಂಪನಿಗಾಗಿ ಬರೆದ ‘ವಜ್ರ ಶಾಶ್ವತ’ ಎಂಬರ್ಥದ ಜಾಹೀರಾತಿನ ಪಾಲು ದೊಡ್ಡದು. ನಮ್ಮ ಕಡೆ ತಾಂಬೂಲ ಬದಲಾಯಿಸಿಕೊಂಡು ವೀಳ್ಯ ಶಾಸ್ತ್ರ ಮುಗಿಸಿದರೆ ಮಾತು ಗಟ್ಟಿಯಾದಂತೆ. ಉಂಗುರಕ್ಕೆಂದು ಸಾಲ ಮಾಡಿದವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ವರನ ಉಂಗುರದ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು ಎಂದು ನನಗೆ ಬಹಳ ಆಸೆ. ಹೆಣ್ಣಿನ ಕಡೆಯವರು ಗೌರವಕ್ಕೆಂದು ದಪ್ಪಗಿನ, ಬಿಗಿಯಾದ ಉಂಗುರ ಹಾಕುತ್ತಾರೆ. ಹುಡುಗ ಮರುದಿನವೇ ಆಲೆಮನೆಯ ಗಾಣದ ಮುಂದೆಯೋ ಲೇತ್ ಯಂತ್ರದ ಮುಂದೆಯೋ ನಿಲ್ಲುತ್ತಾನೆ. ತಿರುಗುವ ಯಂತ್ರಕ್ಕೆ ಉಂಗುರ ಸಿಕ್ಕಿಕೊಂಡರೆ ಅದು ಬೆರಳಿನ ಚರ್ಮವನ್ನು, ಕೆಲವೊಮ್ಮೆ ಬೆರಳನ್ನೇ ಕಿತ್ತುಕೊಂಡು ಹೋಗುತ್ತದೆ. ವಿದ್ಯುತ್ ಕೆಲಸ ಮಾಡುವವರಿಗೂ ಚಿನ್ನ ಅಪಾಯವೇ. ಆದ್ದರಿಂದ ವರನಿಗೆ ನುಣುಪಾದ, ಹರಳಿಲ್ಲದ ಉಂಗುರವನ್ನು ಆರಿಸಿ. ಬೆರಳಿನ ಅಳತೆಯನ್ನು ಚಳಿಯ ಬೆಳಗಿನಲ್ಲಿ ತೆಗೆದುಕೊಳ್ಳದೆ, ಬೆರಳು ಸ್ವಲ್ಪ ಊದಿರುವ ಸಂಜೆ ತೆಗೆದುಕೊಳ್ಳಿ. ಗೆಣ್ಣು ದಾಟಿ ಸಲೀಸಾಗಿ ಹೊರಬರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ಬಿಚ್ಚಿ ನೋಡಿ. ಕೆಲಸಕ್ಕೆ ಹೋಗುವಾಗ ಬಿಚ್ಚಿಡು ಎಂದು ಅವನಿಗೆ ನಿಶ್ಚಿತಾರ್ಥದ ದಿನವೇ ಹೇಳಿ, ಅವನು ಬಿಚ್ಚಿಟ್ಟದ್ದನ್ನು ಕಂಡು ಯಾರೂ ತಪ್ಪು ತಿಳಿಯಬೇಡಿ.