ಲೈಬ್ರರಿ ಪೀರಿಯಡ್ಡಿಗೆ ಅಂತ ಬೇರೆ ಸಿಲಬಸ್ ಬೇಡ

ಸ್ಕೂಲ್ ಲೈಬ್ರರಿಗೆ ಒಂದು ಇನ್ಫರ್ಮೇಶನ್ ಲಿಟರೆಸಿ, ಅಂದ್ರೆ ಬೇಕಾದ ಮಾಹಿತಿ ಹುಡುಕಿ, ತೂಗಿ ನೋಡಿ, ಬಳಸೋದನ್ನ ಕಲಿಸೋ ಸಿಲಬಸ್ ಮಾಡಿ ಅಂದ ತಕ್ಷಣ ಮುಕ್ಕಾಲು ಜನ ಮೊದಲು ಮಾಡೋದು ಪಟ್ಟಿ. ಮೊದಲನೇ ವಾರ ಕ್ಯಾಟಲಾಗ್ ನೋಡೋದು ಹೇಗೆ, ಎರಡನೇ ವಾರ ಡ್ಯೂಯಿ ನಂಬರು (ವಿಷಯದ ಪ್ರಕಾರ ಪುಸ್ತಕ ಜೋಡಿಸೋಕೆ ಕೊಡೋ ನಂಬರು), ಆಮೇಲೆ ಎನ್‌ಸೈಕ್ಲೋಪೀಡಿಯಾ, ಇಂಡೆಕ್ಸು, ವರ್ಷದ ಕೊನೆಗೆ ಇಂಟರ್ನೆಟ್ಟಲ್ಲಿ ಸುಳ್ಳು ಸುದ್ದಿ ಪತ್ತೆ ಹಚ್ಚೋದು. ಕಾಗದದ ಮೇಲೆ ಚೆನ್ನಾಗೇ ಕಾಣತ್ತೆ. ಆದ್ರೆ ಆ ಪೀರಿಯಡ್ಡಲ್ಲಿ ಕೂತಿರೋ ಮಗುವಿಗೆ ಹುಡುಕೋಕೆ ಅಂತ ಏನೂ ಇರಲ್ಲ. ಬೇಡದೇ ಇರೋದನ್ನ ಹುಡುಕೋದು ಹೇಗೆ ಅಂತ ಕಲಿಸಿದ್ರೆ ಅದು ಬೆಲ್ ಹೊಡೆಯೋ ತನಕ ತಲೇಲಿ ಇರತ್ತೆ, ಅಷ್ಟೇ.

ಅದಕ್ಕೇ ನಾನು ಎಲ್ಲರ ಹತ್ರಾನೂ ಹಠ ಹಿಡಿದು ಹೇಳ್ತಿರೋದು, ಲೈಬ್ರರಿಗೆ ಅಂತ ಬೇರೆ ಸಿಲಬಸ್ ಬರೀಬೇಡಿ, ಸೈನ್ಸ್ ಟೀಚರ್ರು, ಸೋಶಿಯಲ್ ಟೀಚರ್ರು ಹೇಗೂ ಕೊಡೋ ಪ್ರಾಜೆಕ್ಟ್ ಇರತ್ತಲ್ಲ, ಅದರ ಒಳಗೇ ಇದನ್ನ ಸೇರಿಸಿ. ಇದೇನೂ ಹೊಸ ಮಾತಲ್ಲ. ಐಸೆನ್‌ಬರ್ಗ್ ಮತ್ತೆ ಬರ್ಕೊವಿಟ್ಜ್ ಅನ್ನೋ ಅಮೆರಿಕದ ಇಬ್ಬರು ಲೈಬ್ರರಿ ತಜ್ಞರು 1990ರಲ್ಲಿ ಬಿಗ್ ಸಿಕ್ಸ್ ಅಂತ ಆರು ಹಂತದ ಮಾದರಿ ಕೊಟ್ಟಾಗಲೇ ಕ್ಲಾಸಿನ ಪಾಠದ ಜೊತೆಗೇ ಕಲಿಸಬೇಕು ಅಂತ ಹೇಳಿದ್ರು. ಆರರಲ್ಲಿ ಮೊದಲನೇ ಹಂತವೇ, ನನಗೆ ಇಲ್ಲಿ ಏನು ಬೇಕಾಗಿದೆ ಅಂತ ಸ್ಪಷ್ಟ ಮಾಡ್ಕೊಳ್ಳೋದು. ನಾವು ಅದನ್ನ ಹಾರಿಸಿ ಸೀದಾ ಕಪಾಟಿನ ಮುಂದೆ ಮಕ್ಕಳನ್ನ ನಿಲ್ಲಿಸ್ತೀವಿ.

ಒಂದು ಉದಾಹರಣೆ ತಗೊಳ್ಳಿ. ಏಳನೇ ಕ್ಲಾಸಿಗೆ 'ಜ್ವಾಲಾಮುಖಿ ಬಗ್ಗೆ ಪ್ರಾಜೆಕ್ಟ್ ಮಾಡಿ' ಅಂತ ಕೊಟ್ರೆ ಬರೋದು ಏನು ಅಂತ ಎಲ್ಲರಿಗೂ ಗೊತ್ತು, ವಿಕಿಪೀಡಿಯಾದ ಮೊದಲ ಪ್ಯಾರಾ, ಒಂದು ಕಲರ್ ಫೋಟೋ, ಚಾರ್ಟ್ ಸುತ್ತ ಬಾರ್ಡರ್. ಮಗುವನ್ನ ಬೈದು ಏನು ಬಂತು, ನಾವು ಕೇಳಿದ್ದೇ ಅದು! ಅದೇ ಪಾಠಕ್ಕೆ 'ಜ್ವಾಲಾಮುಖಿ ಯಾವಾಗ ಸಿಡಿಯತ್ತೋ ಗೊತ್ತಿಲ್ಲ, ಆದ್ರೂ ಅದರ ಬುಡದಲ್ಲೇ ಜನ ಯಾಕೆ ಮನೆ ಕಟ್ಕೊಂಡು ಇದ್ದಾರೆ?' ಅಂತ ಕೇಳಿ ನೋಡಿ. ಒಂದೇ ಪುಟದಲ್ಲಿ ಉತ್ತರ ಸಿಗಲ್ಲ. ಜಾವಾದ ಮೆರಾಪಿ ಸುತ್ತ ಯಾರಿದ್ದಾರೆ, ಇಟಲಿಯ ಎಟ್ನಾ ಬುಡದಲ್ಲಿ ಏನು ಬೆಳೀತಾರೆ, ಬೂದಿ ಬಿದ್ದ ಮಣ್ಣು ಕಾಲ ಕಳೆದಂತೆ ಹೇಗೆ ಫಲವತ್ತಾಗತ್ತೆ, ಹೀಗೆ ಒಂದು ಕಡೆ ಭೂಗೋಳ, ಇನ್ನೊಂದು ಕಡೆ ಬೇಸಾಯ, ಮತ್ತೊಂದು ಕಡೆ ನ್ಯೂಸ್ ಓದಲೇಬೇಕಾಗತ್ತೆ. ಆಗ ಇಂಡೆಕ್ಸ್ ನೋಡೋದು ಹೇಗೆ ಅಂತ ಅವರೇ ಬಂದು ಕೇಳ್ತಾರೆ. ಕಲಿಸೋಕೆ ಸರಿಯಾದ ಹೊತ್ತು ಅಂದ್ರೆ ಅದೇ.

ಇನ್ನೊಂದು ವಿಷಯ, ಇದನ್ನ ಯಾರೂ ಟೈಮ್‌ಟೇಬಲ್ಲಿಗೆ ಸೇರಿಸಲ್ಲ. ಕೆರೊಲ್ ಕುಲ್ತಾವ್ ಅನ್ನೋ ಸಂಶೋಧಕಿ ಹೈಸ್ಕೂಲ್ ಮಕ್ಕಳು ಪ್ರಬಂಧಕ್ಕೆ ಅಂತ ಹುಡುಕಾಡುವಾಗ ಅವರಿಗೆ ಏನನಿಸತ್ತೆ ಅಂತ ಹಿಂಬಾಲಿಸಿ ನೋಡಿದ್ರು. ಹುಡುಕ್ತಾ ಹೋದಂಗೆ ಧೈರ್ಯ ಹೆಚ್ಚುತ್ತಾ ಹೋಗತ್ತೆ ಅಂತ ನಾವು ಅಂದ್ಕೋತೀವಿ, ಅಲ್ವಾ? ಆಗೋದು ಬೇರೆ. ವಿಷಯ ಆರಿಸ್ಕೊಂಡಾಗ ಒಂಚೂರು ಖುಷಿ ಇರತ್ತೆ, ಆಮೇಲೆ ನಾಲ್ಕು ಕಡೆ ಓದಿದ ಮೇಲೆ ಗೊಂದಲ ಜಾಸ್ತಿ ಆಗತ್ತೆ, ಒಂದಕ್ಕೊಂದು ತಾಳೆ ಆಗಲ್ಲ, 'ನನ್ನ ಕೈಲಿ ಆಗಲ್ಲ ಮಿಸ್' ಅನ್ನೋ ಹಂತ ಬರತ್ತೆ. ಆ ಗೊಂದಲದಿಂದಾನೇ ತನ್ನದೇ ಆದ ಒಂದು ದಾರಿ, ಒಂದು ನಿಲುವು ಹುಟ್ಟೋದು, ಆಮೇಲೆ ಕೆಲಸ ಸಲೀಸು. ಮಕ್ಕಳು ಕಾಪಿ ಹೊಡೆಯೋದೂ ಸರಿಯಾಗಿ ಈ ಜಾಗದಲ್ಲೇ ಅಂತ ನನಗೆ ಗಟ್ಟಿಯಾಗಿ ಅನ್ಸತ್ತೆ, ಸೋಮಾರಿತನಕ್ಕಿಂತ ಹೆಚ್ಚಾಗಿ ದಿಕ್ಕು ತೋಚದೆ. ಆದ್ರಿಂದ ನಾನು ಪ್ರಾಜೆಕ್ಟಿನ ಮಧ್ಯಕ್ಕೆ ಒಂದಿಡೀ ಪೀರಿಯಡ್ ಖಾಲಿ ಬಿಡ್ತೀನಿ, ಅವತ್ತು ಹೊಸದೇನೂ ಹುಡುಕೋ ಹಾಗಿಲ್ಲ, ಸಿಕ್ಕಿದ್ದನ್ನ ಟೇಬಲ್ ಮೇಲೆ ಹರಡ್ಕೊಂಡು ಪಕ್ಕದವರ ಜೊತೆ ಮಾತಾಡೋದು, ಅಷ್ಟೇ.

ಹರಡೋದು ಏನನ್ನ ಅಂದ್ರೆ ಚೀಟಿಗಳನ್ನ. ಅಂಗೈ ಅಗಲದ ಚೀಟಿ, ಒಂದರಲ್ಲಿ ಒಂದೇ ವಿಷಯ. ಮೇಲೆ ಎಲ್ಲಿ ಸಿಕ್ತು ಅಂತ, ಪುಸ್ತಕ ಆದ್ರೆ ಹೆಸರು, ಬರೆದವರು, ಪುಟ. ಮಧ್ಯದಲ್ಲಿ ಓದಿದ್ದನ್ನ ಪುಸ್ತಕ ಮುಚ್ಚಿಟ್ಟು ತನ್ನ ಮಾತಲ್ಲಿ ಬರೀಬೇಕು. ಕೆಳಗೆ, ಇದನ್ನ ಓದಿದ ಮೇಲೆ ಹುಟ್ಟಿದ ಹೊಸ ಪ್ರಶ್ನೆ. ಮುಚ್ಚಿಟ್ಟು ಬರೆಯೋದೇ ಮುಖ್ಯ, ತೆರೆದಿಟ್ರೆ ಕೈ ತಾನಾಗೇ ನಕಲು ಮಾಡತ್ತೆ.

ಸೈಟ್ ನಂಬಬಹುದಾ ಇಲ್ವಾ ಅನ್ನೋದಕ್ಕೆ ಬಹಳ ಕಡೆ ಚೆಕ್‌ಲಿಸ್ಟ್ ಕೊಡ್ತಾರೆ: ಡೇಟ್ ಇದೆಯಾ, ಲೇಖಕರ ಹೆಸರಿದೆಯಾ, ಅಡ್ರೆಸ್ ಕೊನೆಗೆ ಡಾಟ್ ಆರ್ಗ್ ಇದೆಯಾ. ಸುಳ್ಳು ಹೇಳೋರೂ ಡೇಟ್ ಹಾಕ್ತಾರೆ, ಹೆಸರೂ ಹಾಕ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿದ್ದ ಸಂಶೋಧಕರು ಸ್ಯಾಮ್ ವೈನ್‌ಬರ್ಗ್ ಮತ್ತೆ ಸಾರಾ ಮೆಕ್‌ಗ್ರೂ ಅವರು 10 ಜನ ಇತಿಹಾಸಕಾರರು, ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸೋ 10 ಜನ ಫ್ಯಾಕ್ಟ್ ಚೆಕ್ಕರ್‌ಗಳು, 25 ಸ್ಟೂಡೆಂಟ್ಸ್ ಮುಂದೆ ವೆಬ್‌ಸೈಟ್ ಇಟ್ಟು ನೋಡಿದ್ರು. ಪಿಎಚ್‌ಡಿ ಮಾಡಿದ ಇತಿಹಾಸಕಾರರೂ ಲೋಗೋ, ಡೊಮೇನ್ ಹೆಸರು ನೋಡಿ ಎಡವಿದ್ರು, ಯಾಕಂದ್ರೆ ಅದೇ ಪುಟದೊಳಗೆ ಮೇಲಿಂದ ಕೆಳಗೆ ಓದ್ತಾ ಕೂತ್ರು. ಫ್ಯಾಕ್ಟ್ ಚೆಕ್ಕರ್‌ಗಳು ಬೇಗ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಇವರ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿದ್ರು. ಹೊಸ ಮನುಷ್ಯ ಪರಿಚಯ ಆದ್ರೆ ನಾವು ಅವನ ಬಗ್ಗೆ ಅವನನ್ನೇ ಕೇಳ್ತಾ ಕೂರಲ್ಲ, ನಾಲ್ಕು ಜನರ ಹತ್ರ ವಿಚಾರಿಸ್ತೀವಿ, ಹಾಗೇ ಇದು. ಹತ್ತು ಹನ್ನೊಂದು ವರ್ಷದ ಮಕ್ಕಳಿಗೂ ಇದನ್ನ ಕಲಿಸಬಹುದು, ಚೆಕ್‌ಲಿಸ್ಟಿಗಿಂತ ಬೇಗ ಹತ್ತತ್ತೆ. ಎಐ ಚಾಟ್‌ಬಾಟಿಗೂ ಇದೇ ಅಭ್ಯಾಸ ಬೇಕು, ಅದು ಇಲ್ಲದೇ ಇರೋ ಪುಸ್ತಕದ ಹೆಸರನ್ನೂ ಸಲೀಸಾಗಿ ಹೇಳತ್ತೆ, ಹಾಗಾಗಿ ಅದು ಕೊಟ್ಟ ಮಾತಿನ ಮೂಲ ಬೇರೆ ಕಡೆ ಸಿಗೋವರೆಗೂ ಚೀಟಿ ಮೇಲೆ ಬರೆಯೋ ಹಾಗಿಲ್ಲ.

ಯಾವ ಕ್ಲಾಸಿಗೆ ಏನು ಅನ್ನೋದರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸಣ್ಣ ಮಕ್ಕಳಿಗೆ ಪ್ರಶ್ನೆ ಕೇಳೋದು ಮತ್ತೆ ಎಲ್ಲಿ ಸಿಕ್ತು ಅಂತ ಹೇಳೋದು ಸಾಕು. ದೊಡ್ಡವರಿಗೂ ಅವೇ, ಆದ್ರೆ ಪ್ರಶ್ನೆ ಕಷ್ಟದ್ದು, ಮೂಲಗಳು ಜಗಳ ಆಡೋಂಥವು.

ಮಾರ್ಕ್ಸ್ ಮಾತ್ರ ಚಾರ್ಟಿಗೆ ಕೊಡಬೇಡಿ, ದಯವಿಟ್ಟು. ಚೀಟಿಗೆ ಕೊಡಿ, ಮೊದಲ ಪ್ರಶ್ನೆಗೂ ಕೊನೆಯ ಪ್ರಶ್ನೆಗೂ ಎಷ್ಟು ದೂರ ಬಂದಿದೆ ಅನ್ನೋದಕ್ಕೆ ಕೊಡಿ. ಚಾರ್ಟನ್ನ ಮನೇಲಿ ಅಪ್ಪ ಅಮ್ಮ ಮಾಡಿಕೊಡಬಹುದು, ಚೀಟಿ ನಿಮ್ಮ ಕಣ್ಣ ಮುಂದೆ ಲೈಬ್ರರಿ ಟೇಬಲ್ ಮೇಲೆ ಆಗತ್ತೆ. ಇದಕ್ಕೆ ವರ್ಷದ ಶುರುವಲ್ಲೇ ಟೀಚರ್ ಜೊತೆ ಕೂತು ಮಾತಾಡ್ಕೋಬೇಕು, ಎಲ್ಲರೂ ಒಪ್ಪಲ್ಲ, ಪೋರ್ಷನ್ ಮುಗಿಯಲ್ಲ ಅಂತಾರೆ, ಅವರ ಕಷ್ಟವೂ ನಿಜವೇ. ಒಬ್ಬ ಟೀಚರ್, ಒಂದು ಕ್ಲಾಸು, ಒಂದು ಪಾಠ ಸಿಕ್ರೆ ಶುರು ಮಾಡೋಕೆ ಸಾಕು, ಆ ಮಕ್ಕಳ ಚೀಟಿಗಳನ್ನ ಮುಂದಿನ ಟೀಚರಿಗೆ ತೋರಿಸಿ ಅವರನ್ನೂ ಕೇಳಬಹುದು.