ಎರಡು ಕ್ಯೂಬಿಟ್‌ಗಳಲ್ಲಿ ಡ್ಯೂಟೆರಾನ್: ಮೂರನೆಯ ತಿಂಗಳ ಕೆಲಸದ ದಿನಚರಿ

ಈ ಹವ್ಯಾಸಕ್ಕೆ ಕೈಹಾಕಿ ಮೂರು ತಿಂಗಳಾದವು. ರಾತ್ರಿ ಊಟದ ನಂತರ ಸಿಗುವ ಒಂದೆರಡು ಗಂಟೆಗಳಲ್ಲಿ ಎರಡು ಕೆಲಸಗಳನ್ನು ಜೊತೆಯಲ್ಲೇ ನಡೆಸುತ್ತಿದ್ದೇನೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ತಂಡವೊಂದು 2018ರಲ್ಲಿ ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್‌ಗಳಲ್ಲಿ (ಸಾಮಾನ್ಯ ಕಂಪ್ಯೂಟರಿನ ಬಿಟ್ ಇದ್ದಂತೆ, ಅದರ ಮೂಲ ಘಟಕಗಳಲ್ಲಿ) ಮಾಡಿ ಪ್ರಕಟಿಸಿದ ಡ್ಯೂಟೆರಾನ್ ಲೆಕ್ಕವನ್ನು ನಾನೇ ಮತ್ತೊಮ್ಮೆ ಮಾಡಿ ನೋಡುವುದು ಮೊದಲನೆಯದು. ಪರಮಾಣು ಕೇಂದ್ರಗಳಾದ ನ್ಯೂಕ್ಲಿಯಸ್‌ಗಳ ದ್ರವ್ಯರಾಶಿಯನ್ನು ಊಹಿಸಲು, ಉದಾಹರಣೆಗಳಿಂದ ಕಲಿಯುವ ಸಣ್ಣ ನ್ಯೂರಲ್ ನೆಟ್‌ವರ್ಕ್ ಒಂದನ್ನು ತರಬೇತುಗೊಳಿಸುವುದು ಎರಡನೆಯದು. ಈ ತಿಂಗಳು ಎರಡರಲ್ಲೂ ಒಂದೇ ಬಗೆಯ ಪೆಟ್ಟು ತಿಂದದ್ದರಿಂದ ಎರಡನ್ನೂ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಡ್ಯೂಟೆರಾನ್ ಎಂದರೆ ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಅಂಟಿಕೊಂಡಿರುವ ನ್ಯೂಕ್ಲಿಯಸ್. ಅವೆರಡನ್ನು ಬಿಡಿಸಲು ಬೇಕಾಗುವ ಶಕ್ತಿ 2.2246 ಎಂಇವಿ, ಅಂದರೆ ಸುಮಾರು 22 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಓಕ್ ರಿಡ್ಜ್ ತಂಡವು ಐಬಿಎಂ ಕಂಪನಿಯ 16 ಕ್ಯೂಬಿಟ್‌ಗಳ ಯಂತ್ರವನ್ನೂ ರಿಗೆಟ್ಟಿ ಕಂಪನಿಯ 19 ಕ್ಯೂಬಿಟ್‌ಗಳ ಯಂತ್ರವನ್ನೂ ಕ್ಲೌಡ್ ಮೂಲಕ ಬಳಸಿ, ಈ ಬೆಲೆಗೆ ಕೆಲವೇ ಶೇಕಡದಷ್ಟು ಅಂತರದೊಳಗೆ ಬಂದು ನಿಂತಿತು. ಹಾಗೆಂದು ಅವರು ಅಷ್ಟೂ ಕ್ಯೂಬಿಟ್‌ಗಳನ್ನು ಬಳಸಲಿಲ್ಲ. ಲೆಕ್ಕಕ್ಕೆ ಬೇಕಾದದ್ದು ಎರಡು ಇಲ್ಲವೇ ಮೂರು ಮಾತ್ರ. ಅವುಗಳ ಉತ್ತರದಿಂದ ಮುಂದಕ್ಕೆ ಅಂದಾಜು ಮಾಡಿ ಆ ಬೆಲೆಯ ಹತ್ತಿರ ತಲುಪಿದರು.

ಎರಡು ಕ್ಯೂಬಿಟ್‌ಗಳ ರೂಪದಲ್ಲಿ ಈ ಸಮಸ್ಯೆ ಎಷ್ಟು ಚಿಕ್ಕದೆಂದರೆ, ದಿನಸಿ ಚೀಟಿಯ ಹಿಂಬದಿಯಲ್ಲಿ ಬಿಡಿಸಬಹುದು. ನಾನು ಮಾಡಿದ್ದೂ ಅದನ್ನೇ. ಎರಡು ಸಾಲು, ಎರಡು ಕಂಬಸಾಲುಗಳ ಮಾತೃಕೆ: ಕರ್ಣದಲ್ಲಿ −0.4366 ಮತ್ತು 12.25, ಉಳಿದ ಎರಡು ಮೂಲೆಗಳಲ್ಲಿ −4.2866. ಅದರ ಕನಿಷ್ಠ ಶಕ್ತಿ −1.7492 ಎಂಇವಿ (ಅಂಟಿಕೊಂಡ ಸ್ಥಿತಿಯ ಶಕ್ತಿಯನ್ನು ಋಣ ಚಿಹ್ನೆಯೊಂದಿಗೆ ಬರೆಯುತ್ತಾರೆ). ನಿಜವಾದ −2.2246ಕ್ಕಿಂತ ಇದು ಮೇಲಿರುವುದಕ್ಕೆ ಕಾರಣ, ಕಣಗಳು ಇರಬಹುದಾದ ಅಸಂಖ್ಯ ಸ್ಥಿತಿಗಳಲ್ಲಿ ನಾವು ಎರಡನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿರುವುದು. ಇಷ್ಟಕ್ಕೆ ಕ್ವಾಂಟಮ್ ಯಂತ್ರ ಬೇಕೇ ಎಂದು ಕೇಳಿದರೆ, ಖಂಡಿತ ಬೇಡ. ಪ್ರೋಟಾನು, ನ್ಯೂಟ್ರಾನುಗಳ ಸಂಖ್ಯೆ ಏರಿದಂತೆ ಮಾತೃಕೆ ಯಾವ ಸೂಪರ್‌ಕಂಪ್ಯೂಟರಿನ ಕೈಗೂ ಸಿಗದಷ್ಟು ಹಿಗ್ಗುತ್ತದೆ ಎಂಬುದು ಈ ಹಾದಿ ಹಿಡಿದವರ ಆಸೆಗೆ ಮೂಲ. ಡ್ಯೂಟೆರಾನ್ ಬರೀ ಅಕ್ಷರಾಭ್ಯಾಸ.

ಸರ್ಕ್ಯೂಟ್, ಅಂದರೆ ಕ್ಯೂಬಿಟ್‌ಗಳ ಮೇಲೆ ನಡೆಸುವ ಕ್ರಿಯೆಗಳ (ಗೇಟುಗಳ) ಸರಣಿ, ಕೂಡ ಸರಳವಾದದ್ದು. ಸೊನ್ನೆಯ ಕ್ಯೂಬಿಟ್ಟನ್ನು ಮಗುಚಿ, ಒಂದನೆಯದನ್ನು ಥೀಟಾ ಎಂಬ ಕೋನದಷ್ಟು ತಿರುಗಿಸಿ, ಎರಡನ್ನೂ ಒಂದು ಸಿನಾಟ್ ಗೇಟಿನಿಂದ (ಒಂದರ ಸ್ಥಿತಿಗೆ ತಕ್ಕಂತೆ ಇನ್ನೊಂದನ್ನು ಮಗುಚುವ ಕ್ರಿಯೆಯಿಂದ) ಹೆಣೆದರೆ ಮುಗಿಯಿತು. ಥೀಟಾವನ್ನು ಬದಲಿಸುತ್ತ ಶಕ್ತಿ ಎಲ್ಲಿ ಕನಿಷ್ಠವಾಗುತ್ತದೆ ಎಂದು ಸಾಮಾನ್ಯ ಕಂಪ್ಯೂಟರ್ ಹುಡುಕುತ್ತದೆ. ಕ್ವಾಂಟಮ್ ಯಂತ್ರವನ್ನು ಅನುಕರಿಸುವ ಸಿಮ್ಯುಲೇಟರ್ ಪ್ರೋಗ್ರಾಂನಲ್ಲಿ ಓಡಿಸಿದ ಮೊದಲ ರಾತ್ರಿಯೇ −1.749 ಬಂದಾಗ, ಗೆದ್ದೆನೆಂದುಕೊಂಡು ಮಲಗಿದೆ.

ಮರುದಿನ ಚೀಟಿಯನ್ನು ಮತ್ತೆ ನೋಡಿದಾಗ ಒಂದು ಅಂಕಿ ತಾಳೆಯಾಗಲಿಲ್ಲ. ಕೈಲೆಕ್ಕದಲ್ಲಿ ಥೀಟಾ 0.594 ರೇಡಿಯನ್ ಇರಬೇಕು. ಪ್ರೋಗ್ರಾಂ ಕೊಟ್ಟದ್ದು 2.547. ಎರಡನ್ನೂ ಕೂಡಿಸಿದರೆ ಸರಿಯಾಗಿ ಪೈ ಬರುತ್ತದೆ. ಆಗ ತಿಳಿಯಿತು: ನಾನು ಬಳಸುವ ಪ್ರೋಗ್ರಾಮಿಂಗ್ ಲೈಬ್ರರಿಯಲ್ಲಿ ಕ್ಯೂಬಿಟ್‌ಗಳನ್ನು ಬಲದಿಂದ ಎಡಕ್ಕೆ ಎಣಿಸುತ್ತಾರೆ, ನಾನು ಎಡದಿಂದ ಬಲಕ್ಕೆ ಬರೆದಿದ್ದೆ. ಹ್ಯಾಮಿಲ್ಟೋನಿಯನ್ನಿನ (ಒಟ್ಟು ಶಕ್ತಿಯ ಸೂತ್ರದ) ಎರಡು ಗುಣಾಂಕಗಳು ಅದಲುಬದಲಾಗಿದ್ದವು. ಕ್ಯೂಬಿಟ್‌ಗಳ ಹೆಸರು ಅದಲುಬದಲಾದರೆ ಕನಿಷ್ಠ ಶಕ್ತಿ ಬದಲಾಗುವುದಿಲ್ಲವಾದ್ದರಿಂದ, ಹುಡುಕಾಟವು ಸದ್ದಿಲ್ಲದೆ ಬೇರೆ ಕೋನಕ್ಕೆ ಹೋಗಿ ಸರಿಯುತ್ತರವನ್ನೇ ತಂದಿತ್ತು. ಆ ತಪ್ಪು ಜೋಡಣೆಯಲ್ಲಿ 0.594 ಕೊಟ್ಟು ನೋಡಿದೆ: ಶಕ್ತಿ +8.76. ಹುಡುಕಾಟವಿಲ್ಲದೆ ಆ ಕೋನವನ್ನೇ ಕೊಟ್ಟಿದ್ದರೆ ತಪ್ಪು ಮೊದಲ ಕ್ಷಣದಲ್ಲೇ ಸಿಕ್ಕಿಬೀಳುತ್ತಿತ್ತು.

ಅಳತೆಯ ಚದುರುವಿಕೆಯನ್ನೂ ಬರೆದಿಡಬೇಕು. ಪ್ರತಿ ಅಳತೆಯನ್ನು 8192 ಬಾರಿ ಮಾಡಿದರೂ, ಗೇಟುಗಳಲ್ಲಿ ಯಾವ ದೋಷವೂ ಇಲ್ಲದಿದ್ದರೂ, ಶಕ್ತಿಯಲ್ಲಿ ಸುಮಾರು 0.05 ಎಂಇವಿ ಅನಿಶ್ಚಿತತೆ ಉಳಿದೇ ಉಳಿಯುತ್ತದೆ. ನಿಜವಾದ ಯಂತ್ರದಲ್ಲಿ ಗೇಟುಗಳ ಗದ್ದಲವೂ ಇದಕ್ಕೆ ಸೇರುತ್ತದೆ. ಗದ್ದಲ ಪೂರ್ತಿ ಆವರಿಸಿ ಸ್ಥಿತಿ ಕಲಸುಮೇಲೋಗರವಾದರೆ ಸಿಗುವ ಬೆಲೆ +5.907, ಹಾಗಾಗಿ ಯಂತ್ರದ ಉತ್ತರ −1.75ರಿಂದ ಆ ಕಡೆಗೆ ಎಷ್ಟು ಜಾರಿದೆ ಎಂಬುದನ್ನು ನೋಡಿದರೆ ಯಂತ್ರದ ಆರೋಗ್ಯ ತಿಳಿಯುತ್ತದೆ. ಓಕ್ ರಿಡ್ಜ್ ತಂಡದವರ ಉಪಾಯ ನನಗೆ ತುಂಬ ಹಿಡಿಸಿತು: ಎರಡು ಸಿನಾಟ್‌ಗಳು ಒಂದನ್ನೊಂದು ರದ್ದುಗೊಳಿಸುವುದರಿಂದ, ಒಂದಿರುವ ಕಡೆ ಮೂರು, ಐದು ಎಂದು ಬೇಕೆಂದೇ ಹೆಚ್ಚಿಸಿ, ಗದ್ದಲ ಏರಿದಂತೆ ಶಕ್ತಿ ಹೇಗೆ ಏರುತ್ತದೆ ಎಂದು ಗೆರೆ ಎಳೆದು, ಆ ಗೆರೆಯನ್ನು ಗದ್ದಲ ಸೊನ್ನೆಯಾಗುವ ಬಿಂದುವಿಗೆ ಹಿಂದಕ್ಕೆ ಚಾಚುವುದು. ಗದ್ದಲದ ಮಾದರಿಯನ್ನು ಹಾಕಿದ ಸಿಮ್ಯುಲೇಟರಿನಲ್ಲಿ ಇದನ್ನು ಮಾಡಿ ನೋಡಿದ್ದೇನೆ, ಕೆಲಸ ಮಾಡುತ್ತದೆ. ನಿಜ ಯಂತ್ರದ ಸರದಿ ಇನ್ನೂ ಬಂದಿಲ್ಲ.

ಇನ್ನು ಎರಡನೆಯ ಕೆಲಸ. ನ್ಯೂಕ್ಲಿಯಸ್ಸನ್ನು ದ್ರವದ ಹನಿಯಂತೆ ಕಾಣುವ ದ್ರವಬಿಂದು ಸೂತ್ರವು ಐದೇ ಗುಣಾಂಕಗಳಿಂದ ಸಾವಿರಾರು ನ್ಯೂಕ್ಲಿಯಸ್‌ಗಳ ಬಂಧಕ ಶಕ್ತಿಯನ್ನು (ಕಣಗಳನ್ನೆಲ್ಲ ಬಿಡಿಸಲು ಬೇಕಾದ, ದ್ರವ್ಯರಾಶಿಯನ್ನು ನಿರ್ಧರಿಸುವ ಶಕ್ತಿಯನ್ನು) ಕೆಲವು ಎಂಇವಿಗಳ ತಪ್ಪಿನೊಳಗೆ ಹೇಳುತ್ತದೆ. 1935ರ ಸೂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ. ಉಳಿದ ತಪ್ಪನ್ನು ನಕ್ಷೆಯಲ್ಲಿ ಗುರುತಿಸಿದರೆ 28, 50, 82, 126 ಎಂಬ ಮಾಂತ್ರಿಕ ಸಂಖ್ಯೆಗಳ (ಪ್ರೋಟಾನ್ ಇಲ್ಲವೇ ನ್ಯೂಟ್ರಾನ್ ಇಷ್ಟಿದ್ದರೆ ನ್ಯೂಕ್ಲಿಯಸ್ ಹೆಚ್ಚು ಗಟ್ಟಿ) ಉದ್ದಕ್ಕೂ ಏರಿಗಳು ಎದ್ದು ಕಾಣುತ್ತವೆ. ಆ ಏರಿಗಳನ್ನು ಕಲಿಯುವುದು ನನ್ನ ನೆಟ್‌ವರ್ಕಿನ ಕೆಲಸ.

ದತ್ತಾಂಶ ಎಎಂಇ 2020 ಎಂಬ ದ್ರವ್ಯರಾಶಿ ಕೋಷ್ಟಕದ್ದು. ನೆಟ್‌ವರ್ಕಿನ ಪರೀಕ್ಷಾ ಫಲಿತಾಂಶ ಸ್ಥಿರ ನ್ಯೂಕ್ಲಿಯಸ್‌ಗಳಿಂದ ದೂರದಲ್ಲೂ ಅನುಮಾನ ಹುಟ್ಟಿಸುವಷ್ಟು ಚೆನ್ನಾಗಿತ್ತು. ಡ್ಯೂಟೆರಾನಿನ ಅನುಭವ ಇನ್ನೂ ಹಸಿಯಾಗಿದ್ದರಿಂದ ಕಡತವನ್ನು ಸಾಲುಸಾಲಾಗಿ ಓದಿದೆ. ಆ ಕಡತದಲ್ಲಿ ಪ್ರಯೋಗದಿಂದ ಬರದ, ಸುತ್ತಲಿನ ಬೆಲೆಗಳ ಓಟವನ್ನು ನೋಡಿ ತಜ್ಞರು ಅಂದಾಜು ಮಾಡಿದ ಸಂಖ್ಯೆಗಳಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಹ್ಯಾಷ್ ಚಿಹ್ನೆ ಇರುತ್ತದೆ. ಸಂಖ್ಯೆ ಓದಲು ಅಡ್ಡಿಯಾಗುತ್ತಿದೆಯೆಂದು ಮೊದಲ ವಾರದಲ್ಲೇ ಹ್ಯಾಷ್‌ಗಳನ್ನೆಲ್ಲ ಬಿಂದುವಾಗಿ ಬದಲಿಸುವ ಒಂದು ಸಾಲನ್ನು ನಾನೇ ಬರೆದಿದ್ದೆ! ನಯವಾದ ಅಂದಾಜನ್ನು ನಯವಾದ ಯಂತ್ರ ಊಹಿಸಿತ್ತು, ಅಷ್ಟೇ.

ಆ ಸಾಲನ್ನು ತೆಗೆದು, ಹ್ಯಾಷ್ ಇರುವ ನ್ಯೂಕ್ಲಿಯಸ್‌ಗಳನ್ನು ಕೈಬಿಟ್ಟು ಮತ್ತೆ ಓಡಿಸಿದಾಗ ಅಂಚಿನ ಫಲಿತಾಂಶ ನಿರೀಕ್ಷೆಯಂತೆ ಕುಸಿಯಿತು. ದತ್ತಾಂಶವನ್ನು ತರಬೇತಿಗೂ ಪರೀಕ್ಷೆಗೂ ಯಾದೃಚ್ಛಿಕವಾಗಿ ಪಾಲು ಮಾಡಿದಾಗ ಪರೀಕ್ಷೆಯ ಪ್ರತಿ ನ್ಯೂಕ್ಲಿಯಸ್ಸಿನ ಅಕ್ಕಪಕ್ಕದವೂ ತರಬೇತಿಯಲ್ಲೇ ಇರುತ್ತವೆ ಎಂಬುದು ಇನ್ನೊಂದು ಮೋಸ. ಆದ್ದರಿಂದ ಈಗ 2012ರ ಕೋಷ್ಟಕದಲ್ಲಿ ಅಳೆದಿದ್ದವುಗಳಿಂದ ಕಲಿಸಿ, ಆಮೇಲೆ ಅಳತೆಗೆ ಸಿಕ್ಕು 2020ರಲ್ಲಿ ಸೇರಿದವುಗಳಿಂದ ಪರೀಕ್ಷಿಸುವ ಕ್ರಮಕ್ಕೆ ಬಂದಿದ್ದೇನೆ.

ಮುಂದಿನ ತಿಂಗಳು ಮೂರು ಕ್ಯೂಬಿಟ್‌ಗಳ ಡ್ಯೂಟೆರಾನ್. ಚೀಟಿಯ ಮೇಲೆ ಉತ್ತರ ಆಗಲೇ ಬರೆದಿಟ್ಟಿದೆ: −2.0457 ಎಂಇವಿ. ಈ ಬಾರಿ ಕೋನಗಳು ಎರಡು. ಓಡಿಸುವ ಮೊದಲೇ ಅವೆರಡನ್ನೂ ಕೈಯಲ್ಲಿ ಲೆಕ್ಕ ಹಾಕಿಟ್ಟುಕೊಳ್ಳುತ್ತೇನೆ.